ತೆಳ್ಳಗಿದ್ದೀನಲ್ಲ, ನನಗೇನಾಗುತ್ತೆ?

(ವಿಡಿಯೊದಲ್ಲಿ ಆಡಿದ ಮಾತಿನ ಬರಹ ರೂಪ)

ನಾನು ದಾವಣಗೆರೆ ಕಡೆಯವನು. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು. ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಅಂಕಿ-ಅಂಶ ಓದೋದು, ಅದರಲ್ಲಿ ಏನು ನಂಬಬಹುದು ಏನು ನಂಬಬಾರದು ಅಂತ ನೋಡೋದು ನನ್ನ ದಿನನಿತ್ಯದ ಕೆಲಸ. ಆ ಕಣ್ಣಿನಿಂದಲೇ ಇವತ್ತು ನಮ್ಮ ಆರೋಗ್ಯದ ಬಗ್ಗೆ ಮಾತಾಡ್ತೀನಿ.

ಈಗ ನಾಲ್ಕು ಜನ ಕನ್ನಡದವರು ಒಂದು ಕಡೆ ಸೇರಿದರೆ ಮಾತು ಎಲ್ಲಿಗೆ ಹೋಗುತ್ತೆ ಗಮನಿಸಿದ್ದೀರಾ? ಮೊದಲೆಲ್ಲ ಫ್ಲ್ಯಾಟ್ ರೇಟು, ಅಪ್ರೈಸಲ್, ಊರಿಗೆ ಹೋಗೋ ಬಸ್ಸು. ಈಗ ಶುಗರ್, ಬಿಪಿ, ಫ್ಯಾಟಿ ಲಿವರ್. ಇದನ್ನ ಮಾತಾಡ್ತಿರೋರು ಅರವತ್ತು ದಾಟಿದವರಲ್ಲ, ಮೂವತ್ತೆರಡು, ಮೂವತ್ತೈದು, ಮೂವತ್ತೆಂಟು ವಯಸ್ಸಿನವರು. ಅವರಲ್ಲಿ ಎಷ್ಟೋ ಜನ ನೋಡೋಕೆ ತೆಳ್ಳಗೇ ಇದ್ದಾರೆ.

ಇವತ್ತಿನ ಮಾತಿನ ಸಾರ ಇಷ್ಟೇ. ನಮ್ಮ ದೇಹದಲ್ಲಿ ಅಪಾಯ ಅನ್ನೋದು ತೂಕ ಏರೋಕ್ಕಿಂತ ಮುಂಚೆಯೇ ಬಂದು ಕೂತಿರುತ್ತೆ. ಹಾಗೇನೇ, ದಿನಚರಿ ಬದಲಾಯಿಸಿದರೆ ಅದರ ಲಾಭವೂ ತೂಕ ಇಳಿಯೋಕ್ಕಿಂತ ಮುಂಚೆಯೇ ಶುರುವಾಗುತ್ತೆ. ಈ ಎರಡು ಮಾತಿಗೂ ಒಳ್ಳೆ ಆಧಾರ ನಮ್ಮ ಅಕ್ಕಪಕ್ಕದಲ್ಲೇ, ಪುಣೆ ಮತ್ತು ಚೆನ್ನೈನಲ್ಲೇ ಸಿಕ್ಕಿದೆ.

ಐದು ಅಳತೆ

ಮೆಟಬಾಲಿಕ್ ಸಿಂಡ್ರೋಮ್ ಅನ್ನೋ ಹೆಸರು ಕೇಳಿರ್ತೀರಿ. ಇದೊಂದು ಬಿಡಿ ಕಾಯಿಲೆ ಅಲ್ಲ, ಐದು ಅಳತೆಗಳ ಗುಂಪು. ಐದರಲ್ಲಿ ಯಾವುದಾದರೂ ಮೂರು ಗೆರೆ ದಾಟಿದ್ದರೆ ಮೆಟಬಾಲಿಕ್ ಸಿಂಡ್ರೋಮ್ ಇದೆ ಅಂತ ಹೇಳ್ತಾರೆ.

ಒಂದು, ಹೊಟ್ಟೆಯ ಸುತ್ತಳತೆ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗೆರೆ ದಾಟಿದ ಹಾಗೆ. ಎರಡು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು. ಮೂರು, ಒಳ್ಳೇ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ. ನಾಲ್ಕು, ಬಿಪಿ: ಮೇಲಿನದು 130 ಅಥವಾ ಹೆಚ್ಚು, ಇಲ್ಲವೇ ಕೆಳಗಿನದು 85 ಅಥವಾ ಹೆಚ್ಚು. ಐದು, ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್ 100 ಅಥವಾ ಹೆಚ್ಚು.

ಈ ಪಟ್ಟಿಯಲ್ಲಿ ತೂಕ ಇಲ್ಲವೇ ಇಲ್ಲ, ಗಮನಿಸಿ.

ನನ್ನದೇ ಉದಾಹರಣೆ ಹೇಳ್ತೀನಿ. ನನ್ನ ಎತ್ತರ 170 ಸೆಂಟಿಮೀಟರ್, ತೂಕ 65 ಕೆಜಿ. ಬಿಎಂಐ ಲೆಕ್ಕ ಹಾಕಿದರೆ 22.5. ಭಾರತೀಯರಿಗೆ 23 ದಾಟಿದರೆ ಜಾಸ್ತಿ ತೂಕ ಅಂತ ಲೆಕ್ಕ, ಹಾಗಾಗಿ ನಾನು ಪಾಸ್. ಆದರೆ ಮೂರು ವರ್ಷದ ಹಿಂದೆ ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಟ್ರೈಗ್ಲಿಸರೈಡ್ 212, ಎಚ್‌ಡಿಎಲ್ 36 ಬಂತು. ಡಾಕ್ಟರ್ ಟೇಪ್ ತಗೊಂಡು ಹೊಟ್ಟೆ ಅಳೆದರು, 93. ಬಿಪಿ ಸರಿಯಿತ್ತು, ಶುಗರ್ 96. ಅಂದರೆ ಐದರಲ್ಲಿ ಮೂರು ಗೆರೆ ದಾಟಿತ್ತು, ತೂಕ ಮಾತ್ರ ನಾರ್ಮಲ್. ಡಾಕ್ಟರ್ ಹೇಳಿದ್ದು ಒಂದೇ ಮಾತು: "ಪುಣೆಗೆ ಇದೇನೂ ಹೊಸದಲ್ಲ, ಯಾಜ್ಞಿಕ್ ಅವರ ಫೋಟೊ ಹುಡುಕಿ ನೋಡಿ."

ಎರಡು ಡಾಕ್ಟರ್, ಒಂದೇ ಬಿಎಂಐ

ಡಾ. ಚಿತ್ತರಂಜನ್ ಯಾಜ್ಞಿಕ್ ಪುಣೆಯ ಕೆಇಎಂ ಆಸ್ಪತ್ರೆಯವರು, ಮಧುಮೇಹದ ಸಂಶೋಧಕರು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರು ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಸೇರಿ ಒಂದು ಪುಟದ ಬರಹ ಪ್ರಕಟಿಸಿದರು. ಅದರಲ್ಲಿ ಇಬ್ಬರದೂ ಅಕ್ಕಪಕ್ಕ ನಿಂತ ಫೋಟೊ ಇದೆ. ಇಬ್ಬರ ಬಿಎಂಐ ಒಂದೇ, 22.3. ಆದರೆ ದೇಹದಲ್ಲಿನ ಕೊಬ್ಬು ಅಳೆದಾಗ ಯುಡ್ಕಿನ್ ಅವರದು 9.1%, ಯಾಜ್ಞಿಕ್ ಅವರದು 21.2%. ಹೆಸರಿನ ಮೊದಲ ಅಕ್ಷರ ಇಬ್ಬರದೂ ಒಂದೇ ಆದ್ದರಿಂದ ಇದಕ್ಕೆ ವೈ-ವೈ ವಿರೋಧಾಭಾಸ ಅಂತ ಹೆಸರು ಬಂತು. ಯುಡ್ಕಿನ್ ಮ್ಯಾರಥಾನ್ ಓಡೋರು. ಯಾಜ್ಞಿಕ್ ಅವರ ವ್ಯಾಯಾಮ ಅಂದರೆ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚೋದರೊಳಗೆ ಓಡಿಹೋಗಿ ಹತ್ತೋದು, ಅಂತ ಆ ಬರಹದಲ್ಲೇ ತಮಾಷೆ ಮಾಡಿಕೊಂಡಿದ್ದಾರೆ. ಹಾಗಾಗಿ ವ್ಯತ್ಯಾಸ ಎಲ್ಲ ಹುಟ್ಟಿನಿಂದ ಬಂದದ್ದಲ್ಲ. ಆದರೆ ಹುಟ್ಟಿನಿಂದ ಬಂದ ಒಂದು ಪಾಲು ಖಂಡಿತ ಇದೆ.

ಅದು ಹೇಗೆ ಗೊತ್ತಾಯ್ತು ಅಂದರೆ, ಇದೇ ತಂಡ 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ಗರ್ಭಿಣಿಯರ ಅಧ್ಯಯನ ಶುರು ಮಾಡಿತು. ಅಲ್ಲಿ ಹುಟ್ಟಿದ ಮಕ್ಕಳ ಸರಾಸರಿ ತೂಕ ಸುಮಾರು 2.7 ಕೆಜಿ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಹುಟ್ಟಿದ ಮಕ್ಕಳದು ಸುಮಾರು 3.5 ಕೆಜಿ. ನಮ್ಮ ಕೂಸುಗಳಲ್ಲಿ ಸ್ನಾಯು ಕಡಿಮೆ, ಒಳಗಿನ ಅಂಗಗಳು ಸಣ್ಣವು, ಆದರೆ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಆಗಿರಲಿಲ್ಲ. ಹೊರಗೆ ತೆಳು, ಒಳಗೆ ಕೊಬ್ಬು. ಆ ಮಕ್ಕಳೂ ಹೆಚ್ಚುಕಮ್ಮಿ ನನ್ನ ವಾರಿಗೆಯವರೇ. ಅವರ ಅಮ್ಮಂದಿರು ಬಸಿರಿಯಾಗಿದ್ದಾಗಲೂ ಹೊಲದಲ್ಲಿ ಕೆಲಸ ಮಾಡಿದವರು, ನೀರು ಹೊತ್ತವರು, ಎಲ್ಲರ ಊಟ ಆದಮೇಲೆ ಉಳಿದದ್ದು ಉಂಡವರು. ನಮ್ಮ ಅಮ್ಮ, ಅಜ್ಜಿಯರ ಕಥೆಯೂ ಇದಕ್ಕಿಂತ ಬೇರೆ ಅಲ್ಲ.

ಇದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಚರ್ಮದ ಕೆಳಗೆ ಕೊಬ್ಬು ಇಟ್ಟುಕೊಳ್ಳೋಕೆ ದೇಹಕ್ಕೆ ಒಂದು ಡಿಸ್ಕ್ ಇದೆ ಅಂದುಕೊಳ್ಳಿ. ನಮ್ಮಲ್ಲಿ ಎಷ್ಟೋ ಜನರಿಗೆ ಆ ಡಿಸ್ಕ್ ಚಿಕ್ಕದು. ಅದು ತುಂಬಿದಮೇಲೆ ಬರೋ ಕೊಬ್ಬು ಜಾಗ ಇಲ್ಲದೆ ಲಿವರ್‌ಗೆ, ಹೊಟ್ಟೆಯೊಳಗೆ, ಸ್ನಾಯುಗಳ ಒಳಗೆ ಹೋಗಿ ಕೂರುತ್ತೆ. ಅಲ್ಲಿ ಕೂತ ಕೊಬ್ಬು ಇನ್ಸುಲಿನ್ ಮಾತನ್ನ ಕೇಳದ ಹಾಗೆ ಮಾಡುತ್ತೆ. ಇನ್ಸುಲಿನ್ ಹೇಳಿದ್ದು ಕೇಳಿಸದಿದ್ದರೆ ಮೇದೋಜೀರಕ ಗ್ರಂಥಿ ಮತ್ತೆ ಮತ್ತೆ ಹೆಚ್ಚು ಇನ್ಸುಲಿನ್ ಕಳಿಸುತ್ತೆ. ರಿಟ್ರೈ ಮಾಡಿ ಮಾಡಿ ಸರ್ವರ್ ಸುಸ್ತಾಗುತ್ತಲ್ಲ, ಹಾಗೆ. ಹೊರಗಡೆ ಎಲ್ಲ ಸರಿ ಇದೆ ಅಂತ ಡ್ಯಾಶ್‌ಬೋರ್ಡ್ ಹಸಿರು ತೋರಿಸ್ತಾ ಇರುತ್ತೆ, ಯಾಕಂದರೆ ನಾವು ನೋಡ್ತಿರೋ ಡ್ಯಾಶ್‌ಬೋರ್ಡ್ ತೂಕದ್ದು.

ಡಿಸ್ಕ್ ಚಿಕ್ಕದು, ಲೋಡ್ ಜಾಸ್ತಿ

ನಮ್ಮ ತಾತ ಮೂರು ಮುದ್ದೆ ಉಂಡರೆ ಸಂಜೆಯೊಳಗೆ ಅದು ಹೊಲದಲ್ಲಿ ಖರ್ಚಾಗ್ತಿತ್ತು. ನಾವು ಅದೇ ಅನ್ನ-ಸಾರು ಉಂಡು ಕುರ್ಚಿ ಮೇಲೆ ಒಂಬತ್ತು ಗಂಟೆ ಕೂರ್ತೀವಿ. ಎರಡೇ ತಲೆಮಾರಿನಲ್ಲಿ ಇಷ್ಟು ಬದಲಾವಣೆ ಆಯ್ತು, ದೇಹ ಅಷ್ಟು ಬೇಗ ಬದಲಾಗಲ್ಲ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನರಿಗೆ ಅದರ ಹಿಂದಿನ ಹಂತ. ನಮ್ಮ ಉದ್ಯೋಗಕ್ಕೆ ಬಂದರೆ, 2025ರಲ್ಲಿ ಹೈದರಾಬಾದಿನ 345 ಐಟಿ ಉದ್ಯೋಗಿಗಳ ಮೇಲೆ ನಡೆದ ಅಧ್ಯಯನ ಒಂದು ಪ್ರಕಟವಾಯ್ತು. ಅದರಲ್ಲಿ 84% ಜನರ ಲಿವರ್‌ನಲ್ಲಿ ಕೊಬ್ಬು ಕಂಡಿತು. ಒಂದು ಊರು, 345 ಜನ, ಹಾಗಾಗಿ ಎಲ್ಲ ಐಟಿಯವರೂ ಹೀಗೇ ಅಂತ ನಾನು ಹೇಳಲ್ಲ. ಆದರೆ ನೂರಕ್ಕೆ ಎಂಬತ್ನಾಲ್ಕು ಅನ್ನೋದು ಪಕ್ಕಕ್ಕೆ ತಳ್ಳುವ ಸಂಖ್ಯೆ ಅಲ್ಲ.

ಇನ್ನೊಂದು ಗುಂಪು ಇದೆ. ಅವರ ಬಗ್ಗೆ ನಾವು ಯೋಚನೆ ಮಾಡೋದೇ ಕಡಿಮೆ. ನಮ್ಮ ಸೊಸೈಟಿಯ ಗೇಟಿನಲ್ಲಿ ಹನ್ನೆರಡು ಗಂಟೆ ಡ್ಯೂಟಿ ಮಾಡೋ ಸೆಕ್ಯೂರಿಟಿಯವರು, ರಾತ್ರಿ ಪಾಳಿಯ ಕ್ಯಾಬ್ ಡ್ರೈವರ್‌ಗಳು, ಆಫೀಸಿನ ಹೌಸ್‌ಕೀಪಿಂಗ್ ಅಕ್ಕಂದಿರು. ಪುಣೆಯಲ್ಲಿ ಇರೋರಿಗೆ ಗೊತ್ತು, ಇವರಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯವರು ಸಿಗ್ತಾರೆ. ಹುಟ್ಟಿನಿಂದ ಬಂದ ಚಿಕ್ಕ ಡಿಸ್ಕ್ ಅವರದೂ ಹೌದು. ಮೇಲಿಂದ ನಿದ್ದೆ ಕೆಟ್ಟಿರುತ್ತೆ, ಹೊಟ್ಟೆಗೆ ವಡಾಪಾವ್ ಮತ್ತು ಸಕ್ಕರೆ ಹೆಚ್ಚಾದ ಚಹಾ. ನಮಗೆ ವರ್ಷಕ್ಕೊಮ್ಮೆ ಕಂಪನಿ ಖರ್ಚಿನಲ್ಲಿ ತಪಾಸಣೆ ಇದೆ. ಅವರಿಗೆ ಅದೂ ಇಲ್ಲ. ಇವರ ವಿಷಯಕ್ಕೆ ಆಮೇಲೆ ಬರ್ತೀನಿ.

ಚೆನ್ನೈನಲ್ಲಿ ಏನಾಯ್ತು

ಈಗ ಒಳ್ಳೇ ಸುದ್ದಿ. "ಜೀವನಶೈಲಿ ಬದಲಾಯಿಸಿ" ಅಂತ ಎಲ್ಲರೂ ಹೇಳ್ತಾರೆ, ಅದು ನಿಜವಾಗಿ ನಮ್ಮ ಜನರಲ್ಲಿ ಕೆಲಸ ಮಾಡುತ್ತಾ? ಇದನ್ನ ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ತಂಡ ಪರೀಕ್ಷೆ ಮಾಡಿ ನೋಡಿದೆ. 2006ರಲ್ಲಿ ಪ್ರಕಟವಾದ ಇಂಡಿಯನ್ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಅಂತ ಅದರ ಹೆಸರು. ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದ 531 ಜನರನ್ನ ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಸಲಹೆ, ಒಂದಕ್ಕೆ ಊಟ-ನಡಿಗೆಯ ಬದಲಾವಣೆ, ಒಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಒಂದಕ್ಕೆ ಎರಡೂ.

ಸುಮಾರು ಮೂರು ವರ್ಷದಲ್ಲಿ ಮಾಮೂಲಿ ಸಲಹೆಯ ಗುಂಪಿನಲ್ಲಿ 55% ಜನರಿಗೆ ಮಧುಮೇಹ ಬಂತು. ಊಟ-ನಡಿಗೆ ಬದಲಾಯಿಸಿದ ಗುಂಪಿನಲ್ಲಿ 39.3%. ಮಾತ್ರೆ ತಗೊಂಡವರಲ್ಲಿ 40.5%. ಎರಡೂ ಮಾಡಿದವರಲ್ಲಿ 39.5%. ಅಂದರೆ ಬರೀ ದಿನಚರಿಯ ಬದಲಾವಣೆ ಮಾತ್ರೆಯಷ್ಟೇ ಕೆಲಸ ಮಾಡಿತು. ಇನ್ನೊಂದು ರೀತಿ ಹೇಳಬೇಕಂದರೆ, ಆರೇಳು ಜನ ದಿನಚರಿ ಬದಲಾಯಿಸಿದರೆ ಮೂರು ವರ್ಷದಲ್ಲಿ ಅವರಲ್ಲಿ ಒಬ್ಬರಿಗೆ ಬರಬೇಕಿದ್ದ ಮಧುಮೇಹ ತಪ್ಪುತ್ತೆ.

ಅವರು ಮಾಡಿದ್ದು ದೊಡ್ಡ ತಪಸ್ಸೇನಲ್ಲ. ಸಕ್ಕರೆ ಬಿಡೋದು, ಮೈದಾ-ಬಿಳಿ ಅಕ್ಕಿಯಂಥದ್ದು ಕಡಿಮೆ ಮಾಡೋದು, ಎಣ್ಣೆ ತಗ್ಗಿಸೋದು, ನಾರಿರುವ ಪದಾರ್ಥ ಹೆಚ್ಚಿಸೋದು, ದಿನಾ ಕನಿಷ್ಠ ಅರ್ಧ ಗಂಟೆ ಚುರುಕಾಗಿ ನಡೆಯೋದು. ಮೊದಲೇ ಮೈಮುರಿದು ಕೆಲಸ ಮಾಡ್ತಿದ್ದವರಿಗೆ ಅದನ್ನೇ ಮುಂದುವರಿಸಿ ಅಂದರು.

ನನಗೆ ಎಲ್ಲಕ್ಕಿಂತ ಆಶ್ಚರ್ಯ ಅನಿಸಿದ್ದು ಮುಂದಿನ ಮಾತು. ಈ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ಅಪಾಯ ಇಳಿದಿತ್ತು, ತಕ್ಕಡಿ ಮುಳ್ಳು ಅಲ್ಲೇ ಇತ್ತು. ನಮ್ಮಲ್ಲಿ ಎಷ್ಟು ಜನ ಜನವರಿಯಲ್ಲಿ ವಾಕಿಂಗ್ ಶುರು ಮಾಡಿ, ಫೆಬ್ರವರಿಯಲ್ಲಿ "ಏನೂ ತೂಕ ಇಳೀಲಿಲ್ಲ ಮಾರಾಯ" ಅಂತ ಬಿಟ್ಟಿದ್ದಾರೆ ಯೋಚನೆ ಮಾಡಿ. ಲಾಭ ಬರ್ತಾ ಇದ್ದ ಹೊತ್ತಿಗೇ ಬಿಟ್ಟಿರಬಹುದು. ಹೊಟ್ಟೆ, ತೂಕ ಎರಡೂ ಜಾಸ್ತಿ ಇರೋರಿಗೆ ತೂಕ ಇಳಿಸೋದು ಖಂಡಿತ ಒಳ್ಳೆಯದು, ಲಿವರ್‌ಗಂತೂ ತುಂಬ ಒಳ್ಳೆಯದು. ಆದರೆ ಮುಳ್ಳು ಅಲ್ಲಾಡಲಿಲ್ಲ ಅನ್ನೋದು ನಿಲ್ಲಿಸೋಕೆ ಕಾರಣ ಆಗಬಾರದು.

ಇದೇ ತಂಡದ ಇನ್ನೊಂದು ಪ್ರಯೋಗ ನಮ್ಮಂಥ ಟೆಕ್ ಜನಕ್ಕೆ ಇಷ್ಟ ಆಗುತ್ತೆ. 2013ರಲ್ಲಿ ಪ್ರಕಟವಾಯ್ತು. ಹೊಸ್ತಿಲಲ್ಲಿದ್ದ 537 ದುಡಿಯುವ ಗಂಡಸರು. ಎಲ್ಲರಿಗೂ ಮೊದಲು ಒಮ್ಮೆ ಸಲಹೆ ಕೊಟ್ಟರು. ಆಮೇಲೆ ಅರ್ಧ ಜನರಿಗೆ ಮಾತ್ರ ಮೊಬೈಲಿಗೆ ಆಗಾಗ ಎಸ್‌ಎಂಎಸ್ ಕಳಿಸಿದರು: ಇವತ್ತು ನಡೆದಿರಾ, ಊಟ ಹೀಗಿರಲಿ, ಅಂಥವು. ಎರಡು ವರ್ಷದಲ್ಲಿ ಎಸ್‌ಎಂಎಸ್ ಬರದವರಲ್ಲಿ 27% ಜನರಿಗೆ ಮಧುಮೇಹ ಬಂತು, ಬಂದವರಲ್ಲಿ 18%. ಆ್ಯಪ್ ಇಲ್ಲ, ಸ್ಮಾರ್ಟ್‌ವಾಚ್ ಇಲ್ಲ, ಬರೀ ಎಸ್‌ಎಂಎಸ್. ಯಾರೋ ಒಬ್ಬರು ಬಿಡದೆ ನೆನಪಿಸ್ತಾ ಇದ್ದರೆ ಸಾಕು, ಮನುಷ್ಯ ದಾರಿಗೆ ಬರ್ತಾನೆ.

ನಮ್ಮ ತಟ್ಟೆ, ನಮ್ಮ ದಿನ

ಈಗ ಏನು ಮಾಡೋದು ಅಂತ ನೋಡೋಣ. ಊಟದಿಂದ ಶುರು ಮಾಡ್ತೀನಿ.

ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ನಾಲ್ಕು ಚಪಾತಿ ಜೊತೆ ಆಲೂಗಡ್ಡೆ ಪಲ್ಯ, ಮೇಲೆ ಒಂದಿಷ್ಟು ಅನ್ನ, ಸಂಜೆ ಬಿಸ್ಕತ್ತು-ಚಹಾ, ರಾತ್ರಿ ಅನ್ನ-ತಿಳಿಸಾರು. ಲೆಕ್ಕ ಹಾಕಿದರೆ ದಿನವಿಡೀ ಪಿಷ್ಟವೇ. ಸಸ್ಯಾಹಾರ, ಮನೆ ಊಟ ಅಂತ ಸಮಾಧಾನ ಪಟ್ಟುಕೊಳ್ತೀವಿ, ಆದರೆ ಕಾಳು, ತರಕಾರಿ ತಟ್ಟೆಯ ಮೂಲೆಯಲ್ಲಿ ಮಾತ್ರ. ಖರ್ಚಾಗದೆ ಉಳಿದ ಪಿಷ್ಟವನ್ನ ಲಿವರ್ ಕೊಬ್ಬಾಗಿ ಬದಲಾಯಿಸುತ್ತೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಏರೋದಕ್ಕೆ ಇದೊಂದು ದೊಡ್ಡ ಕಾರಣ.

ಹಾಗಂತ ಅನ್ನ ಬಿಡಿ ಅಂತ ನಾನು ಹೇಳಲ್ಲ. ಅಳತೆ ತಿರುಗಿಸಿ. ತಟ್ಟೆಯಲ್ಲಿ ಅರ್ಧ ತರಕಾರಿ-ಸೊಪ್ಪು, ಕಾಲು ಭಾಗ ಕಾಳು-ಬೇಳೆ, ಮೊಟ್ಟೆ, ಮೀನು, ಪನೀರ್ ಇಂಥದ್ದು, ಉಳಿದ ಕಾಲು ಭಾಗ ಅನ್ನ ಇಲ್ಲವೇ ರೊಟ್ಟಿ. ಮೊದಲು ಕೋಸಂಬರಿ, ಪಲ್ಯ ತಿನ್ನಿ, ಆಮೇಲೆ ಅನ್ನಕ್ಕೆ ಕೈ ಹಾಕಿ. ಹಾಗೆ ತಿಂದರೆ ಊಟದ ನಂತರ ಶುಗರ್ ಏರೋ ವೇಗ ಕಡಿಮೆ ಆಗುತ್ತೆ. ಮದುವೆ ಊಟದಲ್ಲಿ ಎಲೆ ತುದಿಗೆ ಕೋಸಂಬರಿ, ಪಲ್ಯ ಮೊದಲು ಬಡಿಸ್ತಾರಲ್ಲ, ಅನ್ನ ಬರೋವರೆಗೆ ಅದನ್ನೇ ತಿನ್ನೋದು ಒಳ್ಳೇ ಅಭ್ಯಾಸ. ಮನೆಯಲ್ಲಿ ಒಂದು ಚಮಚದಷ್ಟು ಬಡಿಸೋ ಬದಲು ಒಂದು ಬಟ್ಟಲು ಮಾಡಿ.

ಪುಣೆಯಲ್ಲಿ ಇರೋರಿಗೆ ಅನುಕೂಲ ಜಾಸ್ತಿ. ಇಲ್ಲಿ ಜೋಳದ ಹಿಟ್ಟು ಪ್ರತಿ ಗಿರಣಿಯಲ್ಲಿ ಸಿಗುತ್ತೆ, ಭಾಕ್ರಿ ಅಂದರೆ ನಮ್ಮ ಜೋಳದ ರೊಟ್ಟಿಯೇ. ಮಡಿಕೆ ಕಾಳಿಗೆ ಇಲ್ಲಿ ಮಟಕಿ ಅಂತಾರೆ. ಮಿಸಳ್ ತಿನ್ನೋದಾದರೆ ಪಾವ್ ಒಂದೇ ಸಾಕು, ಫರಸಾಣ್ ಬೇಡ, ಕಾಳು ಇನ್ನೊಂದು ಸೌಟು ಹಾಕಿಸಿಕೊಳ್ಳಿ. ಅವಲಕ್ಕಿಗೆ ಮೊಳಕೆ ಕಾಳು ಅರ್ಧಕ್ಕರ್ಧ ಹಾಕಿ. ಆದರೆ ರಾಗಿ, ಜೋಳ, ನವಣೆ ಅಂದ ತಕ್ಷಣ ಎಷ್ಟು ತಿಂದರೂ ನಡೆಯುತ್ತೆ ಅಂತ ತಿಳ್ಕೋಬೇಡಿ. ಅವುಗಳಲ್ಲಿ ನಾರು ಹೆಚ್ಚು ನಿಜ, ಆದರೂ ಅವು ಪಿಷ್ಟವೇ. ಮೂರು ಮುದ್ದೆ ಉಂಡು ಜೂಮ್ ಕಾಲ್‌ಗೆ ಕೂತರೆ ರಾಗಿ ಏನೂ ಕಾಪಾಡಲ್ಲ.

ಚಹಾ. ದಿನಕ್ಕೆ ಐದು ಕಪ್, ಒಂದಕ್ಕೆ ಎರಡು ಚಮಚ ಸಕ್ಕರೆ, ಹತ್ತು ಚಮಚ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ ಆರು ಚಮಚದೊಳಗೆ, ಅಂದರೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಒಳ್ಳೇದು ಅಂತ. ವಾರಕ್ಕೆ ಕಾಲು ಚಮಚ ಕಡಿಮೆ ಮಾಡ್ತಾ ಹೋಗಿ, ನಾಲಿಗೆಗೆ ಗೊತ್ತೇ ಆಗಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಚಿವಡಾ ಇವನ್ನೂ ಲೆಕ್ಕಕ್ಕೆ ಸೇರಿಸಿ. ವಾರಾಂತ್ಯದ ಬಿಯರ್, ವಿಸ್ಕಿ ಬಗ್ಗೆ ಒಂದೇ ಮಾತು: ಟ್ರೈಗ್ಲಿಸರೈಡ್, ಬಿಪಿ ಎರಡನ್ನೂ ಅದು ಏರಿಸುತ್ತೆ.

ರಾತ್ರಿ ಊಟದ ಹೊತ್ತು. ನಮಗೆ ಒಂಬತ್ತೂವರೆಗೆ ಅಮೆರಿಕದ ಕಾಲ್, ಮುಗಿಯೋದು ಹನ್ನೊಂದಕ್ಕೆ, ಆಮೇಲೆ ಊಟ, ಹಾಗೇ ಹಾಸಿಗೆ. ರಾತ್ರಿ ಹೊತ್ತು ಅದೇ ಅನ್ನಕ್ಕೆ ದೇಹದಲ್ಲಿ ಶುಗರ್ ಹೆಚ್ಚು ಏರುತ್ತೆ. ಎಂಟಕ್ಕೇ ಊಟ ಮುಗಿಸಿ ಕಾಲ್‌ಗೆ ಕೂರಿ. ಆಮೇಲೆ ಹಸಿವಾದರೆ ಒಂದು ಲೋಟ ಮಜ್ಜಿಗೆ. ನಿದ್ದೆ ಏಳು ಗಂಟೆಯಾದರೂ ಇರಲಿ. ನಿದ್ದೆ ಕಡಿಮೆ ಆದರೆ ಇನ್ಸುಲಿನ್ ಕೆಲಸ ಕೆಡುತ್ತೆ, ಮಾರನೇ ದಿನ ಹಸಿವೂ ಜಾಸ್ತಿ.

ಇನ್ನು ನಡಿಗೆ. ನಡೆಯುವಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನ ಇನ್ಸುಲಿನ್ ಸಹಾಯ ಇಲ್ಲದೆಯೂ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಮಾತು ಕೇಳದ ದೇಹಕ್ಕೆ ಇದು ಹಿಂಬಾಗಿಲು. ಅದಕ್ಕೇ ಊಟ ಆದಮೇಲೆ ಹತ್ತು-ಹದಿನೈದು ನಿಮಿಷ ನಡೆಯೋದು ಬಹಳ ಕೆಲಸಕ್ಕೆ ಬರುತ್ತೆ. ಜಿಮ್ ಬೇಡ, ಶೂ ಕೂಡ ಬೇಡ. ಕ್ಯಾಮೆರಾ ಆನ್ ಇಲ್ಲದ ಮೀಟಿಂಗ್ ಎಲ್ಲ ನಡೆದುಕೊಂಡೇ ಕೇಳಿ. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ವಾರಕ್ಕೆ 150 ನಿಮಿಷ ಚುರುಕಿನ ನಡಿಗೆ, ಎರಡು ದಿನ ಸ್ನಾಯು ಬಲದ ವ್ಯಾಯಾಮ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಎರಡನೆಯದನ್ನ ನಾವು ಮರೆತೇಬಿಡ್ತೀವಿ. ನಮ್ಮಲ್ಲಿ ಮೊದಲೇ ಸ್ನಾಯು ಕಡಿಮೆ ಅಂದೆನಲ್ಲ, ಹಾಗಾಗಿ ನಮಗೆ ಇದು ಇನ್ನೂ ಮುಖ್ಯ. ಶಾಲೆಯಲ್ಲಿ ಮೇಷ್ಟ್ರು ಹೊಡೆಸ್ತಿದ್ದ ಬಸ್ಕಿ ನೆನಪಿದೆಯಾ? ಹದಿನೈದು ಬಸ್ಕಿ, ಮೂರು ಸಲ. ಗೋಡೆಗೆ ಕೈಕೊಟ್ಟು ದಂಡ. ಇಷ್ಟರಿಂದ ಶುರು ಮಾಡಿ. ಮಂಡಿನೋವು ಇದ್ದರೆ ಕುರ್ಚಿ ಮೇಲೆ ಕೂತು ಏಳೋದು.

ಆರು ತಿಂಗಳು ಹೀಗೆ ಮಾಡಿದಾಗ ನನ್ನ ತೂಕ 65ರಿಂದ 64ಕ್ಕೆ ಬಂತು, ಒಂದೇ ಕೆಜಿ. ಹೊಟ್ಟೆ 93ರಿಂದ 89. ಟ್ರೈಗ್ಲಿಸರೈಡ್ 212ರಿಂದ 146. ಒಬ್ಬನ ಲೆಕ್ಕ ಪುರಾವೆ ಅಲ್ಲ, ಪುರಾವೆ ಚೆನ್ನೈನವರು ಕೊಟ್ಟಿದ್ದಾರೆ. ತಕ್ಕಡಿ ಮಾತ್ರ ನೋಡಿದ್ದರೆ ಏನು ಕಾಣ್ತಿತ್ತು, ಏನು ಕಾಣ್ತಿರಲಿಲ್ಲ ಅಂತ ತೋರಿಸೋಕೆ ಹೇಳಿದೆ.

ಗೇಟಿನ ಆಚೆ, ಮನೆಯ ಒಳಗೆ

ಈಗ ಆ ಇನ್ನೊಂದು ಗುಂಪಿನ ವಿಷಯ. ನಮ್ಮ ಸೊಸೈಟಿಯಲ್ಲಿ ಐದಾರು ಕನ್ನಡ ಮನೆಗಳಿವೆ. ಕಳೆದ ವರ್ಷ ಒಂದು ಭಾನುವಾರ ಕ್ಲಬ್‌ಹೌಸಿನಲ್ಲಿ ಬಿಪಿ ಯಂತ್ರ, ಟೇಪು ಇಟ್ಟುಕೊಂಡು ಕೂತೆವು. ಗೇಟಿನ ಸೆಕ್ಯೂರಿಟಿಯವರನ್ನೂ ಕರೆದೆವು. ಯಾದಗಿರಿ ಕಡೆಯ ಒಬ್ಬರು, ನಲವತ್ತರ ಆಸುಪಾಸು, ಕಡ್ಡಿಯ ಹಾಗೆ ಇದ್ದಾರೆ. "ನಂಗ ಏನೂ ಆಗಿಲ್ರಿ ಸರ, ತೆಳ್ಳಗ ಇದ್ದೀನಲ್ರಿ" ಅಂದರು. ಬಿಪಿ 164/102 ಬಂತು. ಹತ್ತು ನಿಮಿಷ ಕೂರಿಸಿ ಮತ್ತೆ ನೋಡಿದೆವು, ಹೆಚ್ಚುಕಮ್ಮಿ ಅಷ್ಟೇ. ಜೀವನದಲ್ಲಿ ಯಾರೂ ಅವರ ಬಿಪಿ ನೋಡಿರಲಿಲ್ಲ.

ದವಾಖಾನೆಗೆ ಯಾಕೆ ಹೋಗಿಲ್ಲ ಅಂತ ಕೇಳಿದರೆ ಅವರು ಹೇಳಿದ್ದರಲ್ಲಿ ದುಡ್ಡಿನ ವಿಷಯ ಎರಡನೆಯದು. ಮೊದಲನೆಯದು, "ಅಲ್ಲಿ ಮರಾಠಿ, ಹಿಂದಿ ಮಾತಾಡ್ತಾರ್ರಿ, ನಂಗ ಹೇಳಾಕ ಬರಂಗಿಲ್ಲ." ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ಬಿಪಿ, ಶುಗರ್ ತಪಾಸಣೆ ಉಚಿತ, ಮಾತ್ರೆಯೂ ಅಲ್ಲೇ ಕೊಡ್ತಾರೆ. ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ ಮಾತಾಡಿದರು, ಅಷ್ಟೇ. ಈಗ ಅವರು ತಾವೇ ಹೋಗಿ ಮಾತ್ರೆ ತಗೊಂಡು ಬರ್ತಾರೆ.

ಪರ ಊರಿನಲ್ಲಿರೋ ಕನ್ನಡದವರಾಗಿ ನಾವು ಮಾಡಬಹುದಾದ ಕೆಲಸ ಇದು. ಅವರ ಕೈಲಿರೋ ವಡಾಪಾವ್ ನೋಡಿ ಉಪದೇಶ ಮಾಡಬೇಡಿ. ಒಂದು ರೂಮಿನಲ್ಲಿ ಆರು ಜನ ಇರೋರಿಗೆ, ಒಲೆಯೇ ಇಲ್ಲದವರಿಗೆ ಕೋಸಂಬರಿ ಮಾಡ್ಕೊಳ್ಳಿ ಅಂದರೆ ಅದು ಕುಚೋದ್ಯ ಆಗುತ್ತೆ. ಸೊಸೈಟಿ ಮೀಟಿಂಗಿನಲ್ಲಿ ಕೇಳಿ: ಕ್ಯಾಬಿನ್‌ನಲ್ಲಿ ಡಬ್ಬಿ ಬಿಸಿ ಮಾಡೋಕೆ ವ್ಯವಸ್ಥೆ ಇದೆಯಾ? ತಿಂಗಳುಗಟ್ಟಲೆ ಒಬ್ಬರಿಗೇ ರಾತ್ರಿ ಪಾಳಿ ಯಾಕೆ? ನಾವು ಚಹಾ ಕೊಡೋದಾದರೆ ಸಕ್ಕರೆ ಬೇರೆ ಇಟ್ಟು ಕೊಡಬಹುದಾ? ಕ್ಲಬ್‌ಹೌಸಿನಲ್ಲಿ ಒಂದು ಬಿಪಿ ಯಂತ್ರ ಎಲ್ಲರಿಗೂ ಸಿಗೋ ಹಾಗೆ ಇಡಬಹುದಾ? ಆಯ್ಕೆಯೇ ಇಲ್ಲದವರಿಗೆ ಮೊದಲು ಆಯ್ಕೆ ಬೇಕು, ಬುದ್ಧಿಮಾತು ಆಮೇಲೆ.

ಮನೆಯೊಳಗಿನ ಇನ್ನಿಬ್ಬರನ್ನೂ ನೆನಪಿಡಿ. ಊರಿಂದ ಬಂದು ನಮ್ಮ ಜೊತೆ ಇರೋ ಅಪ್ಪ-ಅಮ್ಮ. ಊರಲ್ಲಿ ಸಂತೆ, ದೇವಸ್ಥಾನ, ಹೊಲ ಅಂತ ಗೊತ್ತಿಲ್ಲದೇ ನಡೀತಿದ್ದರು. ಇಲ್ಲಿ ಒಂಬತ್ತನೇ ಮಹಡಿ, ಟಿವಿ, ಭಾಷೆ ಬರದ ಅಕ್ಕಪಕ್ಕ. ಕೆಳಗೆ ಕರಕೊಂಡು ಹೋಗಿ, ಕನ್ನಡ ಮಾತಾಡೋ ಇನ್ನೊಬ್ಬ ಅಜ್ಜ-ಅಜ್ಜಿಯ ಪರಿಚಯ ಮಾಡಿಸಿ. ಜೊತೆ ಸಿಕ್ಕರೆ ಅವರೇ ನಡೀತಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬಸಿರಿಯಾಗಿದ್ದಾಗ ಶುಗರ್ ಬಂದಿದ್ದರೆ, ಹೆರಿಗೆ ಆದಮೇಲೆ ಅದು ನಾರ್ಮಲ್ ಆದರೂ ಮುಂದೆ ಮಧುಮೇಹ ಬರೋ ಸಂಭವ ಜಾಸ್ತಿ. ಪಿಸಿಒಎಸ್ ಇರೋರಿಗೂ ಹಾಗೇ. ಮಗುವಿನ ಲಸಿಕೆ ತಾರೀಖು ತಪ್ಪಿಸದೆ ನೋಡ್ತೀರಿ, ನಿಮ್ಮ ಶುಗರ್ ತಪಾಸಣೆಗೂ ಒಂದು ತಾರೀಖು ಇಟ್ಟುಕೊಳ್ಳಿ.

ಈ ವಾರದ ಕೆಲಸ

ಮೂರೇ ಕೆಲಸ ಹೇಳಿ ಮುಗಿಸ್ತೀನಿ.

ಒಂದು, ಟೇಪ್ ತಗೊಂಡು ಹೊಟ್ಟೆ ಅಳೆಯಿರಿ. ಪ್ಯಾಂಟ್ ಕಟ್ಟೋ ಜಾಗ ಅಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ಮಧ್ಯೆ. ಉಸಿರು ಸಹಜವಾಗಿ ಬಿಟ್ಟು ಅಳೆಯಿರಿ, ಹೊಟ್ಟೆ ಒಳಗೆ ಎಳ್ಕೋಬೇಡಿ, ಯಾರೂ ನೋಡ್ತಿಲ್ಲ! ಸುಲಭ ಲೆಕ್ಕ ಬೇಕಂದರೆ, ಸುತ್ತಳತೆ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಎರಡು, ಹಳೇ ರಿಪೋರ್ಟ್ ತೆಗೆದು ಐದು ಅಳತೆ ಪಕ್ಕಪಕ್ಕ ಬರೆಯಿರಿ. ರಿಪೋರ್ಟ್ ಇಲ್ಲದಿದ್ದರೆ ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ, ಲಿಪಿಡ್ ಪ್ರೊಫೈಲ್, ಬಿಪಿ ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4ರೊಳಗೆ ಬಂದರೆ ನೀವು ಆ ಚೆನ್ನೈನ ಜನರ ಹಾಗೆ ಹೊಸ್ತಿಲಲ್ಲಿದ್ದೀರಿ. ಅದಕ್ಕಿಂತ ಹೆಚ್ಚಿದ್ದರೆ, ಬಿಪಿ ತುಂಬ ಏರಿದ್ದರೆ ವಿಡಿಯೊ ನೋಡ್ತಾ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಈಗಾಗಲೇ ಮಾತ್ರೆ ತಗೊಳ್ತಿರೋರು ಅವರನ್ನ ಕೇಳದೆ ನಿಲ್ಲಿಸಬೇಡಿ.

ಮೂರು, ಒಬ್ಬರನ್ನ ಜೊತೆ ಮಾಡ್ಕೊಳ್ಳಿ. ದಿನಾ ಒಂದು ಮೆಸೇಜ್: "ಊಟ ಆದಮೇಲೆ ನಡೆದ್ಯಾ?" ಅಷ್ಟೇ ಸಾಕು. ಎಸ್‌ಎಂಎಸ್ ಏನು ಮಾಡಬಹುದು ಅಂತ ನೋಡಿದಿರಲ್ಲ. ಮೂರು ತಿಂಗಳು ತಕ್ಕಡಿ ಹತ್ತಬೇಡಿ, ಟೇಪ್ ಮಾತ್ರ ನೋಡಿ.

ಈಗ ಎದ್ದು ಹತ್ತು ನಿಮಿಷ ಓಡಾಡಿ ಬನ್ನಿ.